ಮಂಡಕ್ಕಿ ಮೇಲಿನ ನಡಿಗೆ

ಆ ಡ್ಯಾನ್ಸು ನನಗೆ ಒಂದು ಚೂರೂ ತಿಳಿಯುತ್ತಿರಲಿಲ್ಲ. ಆದರೂ ಒಂದು ಶನಿವಾರವನ್ನೂ ನಾನು ತಪ್ಪಿಸಿದವನಲ್ಲ. ಮಧ್ಯಾಹ್ನದವರೆಗೆ ಮಂಡಕ್ಕಿ ಭಟ್ಟಿಯಲ್ಲಿ ಬೂದಿ ಹೊತ್ತು ಹಿಂದಿನ ಗುಂಡಿಗೆ ಸುರಿದು, ಮನೆಗೆ ಬಂದು ಕಿವಿಯೊಳಗಿನ ಮಸಿಯನ್ನೂ ಬಿಡದೆ ತೊಳೆದು, ಇದ್ದೊಂದು ಇಸ್ತ್ರಿ ಅಂಗಿ ಹಾಕಿಕೊಂಡು, ಹೆಗಲ ಮೇಲೊಂದು ಟವೆಲ್ ಇಳಿಬಿಟ್ಟು ಹಳೇ ಹತ್ತಿ ಗೋದಾಮಿನ ಕಡೆ ಹೊರಟೆನೆಂದರೆ ಓಣಿಯ ಕಟ್ಟೆ ಮೇಲೆ ಕೂತವರ ಬಾಯಿಗೆ ಕೆಲಸ ಸಿಗುತ್ತಿತ್ತು. "ಹೊಂಟ ನೋಡ್ರಪಾ ಅಭಿಮಾನಿ!" ಎಂದು ಒಬ್ಬ. "ಲೇ ದುರುಗಾ, ಇವತ್ತರ ಹಾಡು ಇರತೈತೇನೋ, ಇಲ್ಲಾ ಹೋದ ವಾರದಂಗ ಮಿಕ್ಸಿ ಸಪ್ಪಳಾನ?" ಎಂದು ಇನ್ನೊಬ್ಬ. "ಏಳನೇತ್ತದಾಗ ಮಾಸ್ತರ ಹೇಳಿದ್ದು ತಿಳೀವಲ್ದು ಅಂತ ಸಾಲಿ ಬಿಟ್ಟಾಂವ, ಅಲ್ಲಿ ಏನ್ ತಿಳೀತೈತೋ ಇವಂಗ!"

ನಾನು ಸಾಲಿ ಬಿಟ್ಟದ್ದು ತಿಳಿಯದೆ ಅಲ್ಲ. ಅಪ್ಪ ಹೊಟ್ಟಿನ ಹೊಗೆ ಕುಡಿದು ಕುಡಿದು ಹಾಸಿಗೆ ಹಿಡಿದಾಗ ಮನೆಗೆ ಇನ್ನೊಂದು ಜೊತೆ ಕೈ ಬೇಕಾಗಿದ್ದವು. ಅಣ್ಣ ಹುಲಿಗನ ಕೈ ಆಗಲೇ ಭಟ್ಟಿಯಲ್ಲಿದ್ದವು. ಕಟ್ಟೆಯವರಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ನಗುವವರಿಗೆ ಏನು ಹೇಳುವುದು? ಅವರ ಮೂರು ತಲೆಮಾರು ಸೇರಿಸಿ ಬೈದು ಮುಂದೆ ಹೋಗುತ್ತಿದ್ದೆ. ಬೈಯುವುದೊಂದೇ ನನಗೆ ಸರಿಯಾಗಿ ಬರುತ್ತಿದ್ದ ವಿದ್ಯೆ.

ನಮ್ಮೂರಲ್ಲಿ ಸತ್ತವರ ನಡಿಗೆ ಉಳಿಯುತ್ತದೆ. ಮಣ್ಣು ಮಾಡಿ ಬಂದ ವಾರದೊಳಗೆ ಅದು ಊರಿನ ಇನ್ಯಾರಿಗೋ ಹತ್ತುತ್ತದೆ. ನಮ್ಮಪ್ಪನದು ಬ್ಯಾಂಕಿನ ಕ್ಯಾಶಿಯರಿಗೆ ಹತ್ತಿತ್ತು. ಪಾಪ, ಬಿಳಿ ಅಂಗಿ ಕಪ್ಪು ಬೂಟಿನ ಆ ಮನುಷ್ಯ ಬೆನ್ನ ಮೇಲೆ ಚೀಲ ಹೊತ್ತವನಂತೆ ಬಾಗಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಇಲ್ಲದ ದಮ್ಮು ಎಳೆದುಕೊಳ್ಳುತ್ತಾ ಬ್ಯಾಂಕಿಗೆ ಹೋಗುತ್ತಿದ್ದ. ಸುದ್ದಿ ಕೇಳಿ ಅವ್ವ ಬ್ಯಾಂಕಿನ ಮೆಟ್ಟಿಲ ಹತ್ತಿರ ಕಾದು ಕೂತಳು. ಅವನು ಬಂದಾಗ ಎದ್ದು ನಿಂತಳು. ಅವನೂ ಮರ್ಯಾದೆಯ ಮನುಷ್ಯ, ಬೂಟು ಕಳಚಿ ಇನ್ನೊಂದು ಸಲ ಆ ಕಡೆಯಿಂದ ಈ ಕಡೆಗೆ ನಡೆದು ತೋರಿಸಿದ. ಅಷ್ಟೇ. ರಕ್ತ ಹಂಚಿಕೊಂಡವರೋ ತಾಳಿ ಕಟ್ಟಿಸಿಕೊಂಡವರೋ ಎದ್ದು ನಿಂತರೆ ನಡಿಗೆ ಇಳಿದುಹೋಗುತ್ತದೆ. ಆ ಮಧ್ಯಾಹ್ನವೇ ಕ್ಯಾಶಿಯರು ತನ್ನ ಮಾಮೂಲಿ ಬಾತುಕೋಳಿ ನಡಿಗೆಗೆ ಮರಳಿದ. ನಡಿಗೆ ಹೊತ್ತವರಿಗೆ ಆ ಮನೆಯವರು ಒಂದು ಊಟ ಹಾಕಬೇಕು. ಅವನು ನಮ್ಮ ಮನೆಗೆ ಬಂದು ನೆಲದ ಮೇಲೆ ಕೂತು ಉಂಡು ಹೋದ.

ಮನೆಯವರಷ್ಟೇ ಅಲ್ಲ, ಗುರುತು ಹತ್ತಿದವರೆಲ್ಲ ನಿಲ್ಲುತ್ತಾರೆ. ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲಿ ಏಳುತ್ತಾನೆ. ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದವರು ಕಿಟಕಿಯಾಚೆ ನೋಡಿ ತುತ್ತು ಕೈಯಲ್ಲಿ ಹಿಡಿದೇ ನಿಲ್ಲುತ್ತಾರೆ. ಇದಕ್ಕೆ ಯೋಚನೆ ಮಾಡಬೇಕಾಗಿಲ್ಲ. ಕೂಸಿದ್ದಾಗಿನಿಂದ ನೋಡಿ ನೋಡಿ ಮೊಣಕಾಲು ತಾನೇ ಏಳುತ್ತದೆ. ಬದುಕಿದ್ದವರಿಗೆ ಮಾತ್ರ ನಮ್ಮೂರಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಮಾಸ್ತರು ಬಂದರೆ ಹುಡುಗರು ಕೂತೇ ನಮಸ್ತೆ ಅನ್ನುತ್ತಾರೆ. ಮಂತ್ರಿ ಬಂದರೂ ಅಷ್ಟೇ. ಬದುಕಿದ್ದವನ ಎದುರು ಎದ್ದು ನಿಲ್ಲುವುದೆಂದರೆ ನೀನು ಸತ್ತೆ ಅಂದ ಹಾಗೆ.

ಹುಲಿಗ ಕಾಣದಾಗಿ ಎರಡು ಮಳೆಗಾಲ ಕಳೆದಿದ್ದವು. ಅಪ್ಪ ಹೋದ ಮೇಲೆ ಅವನಿಗೆ ಭಟ್ಟಿಯ ಹೊಗೆಕೊಳವೆಯ ಹುಚ್ಚು ಹಿಡಿಯಿತು. ಕೊಳವೆ ಎತ್ತರಿಸಿ ಎಂದು ಧಣಿಯನ್ನು ಕೇಳಿದ. ಕೇಳಿ ಸಾಕಾಗಿ ಒಂದು ದಿನ ಎಲ್ಲ ಒಲೆ ಆರಿಸಿ, ಎಲ್ಲರನ್ನೂ ಹೊರಗೆ ಕೂರಿಸಿದ. ಧಣಿ ನಕ್ಕು, "ಆತು ಬಿಡೋ ಹುಲಿಗ್ಯಾ, ಎತ್ತರಿಸೂಣು" ಎಂದ. ಮರುದಿನ ಮೇಸ್ತ್ರಿ ಗೂಳಪ್ಪನ ಜೊತೆ ನದಿಯಾಚೆಯ ರೈಸ್ ಮಿಲ್ಲಿಗೆ ಹೊಟ್ಟು ತರಲು ಕಳಿಸಿದ. ಟ್ರ್ಯಾಕ್ಟರ್ ಬಂತು, ಹೊಟ್ಟು ಬಂತು, ಗೂಳಪ್ಪ ಬಂದ. ಹುಲಿಗ ಬರಲಿಲ್ಲ. "ಸೇತುವಿ ಹತ್ರ ಇಳಕೊಂಡ. ಈ ಊರು ಸಾಕಾತು, ಬ್ಯಾರೆ ಕಡೆ ದುಡಕೋತೀನಿ ಅಂದು ಹ್ವಾದ" ಎಂದು ಗೂಳಪ್ಪ ಹೇಳಿದ. ಹೇಳುವಾಗ ಎಲೆ ಅಡಿಕೆ ಅಗಿಯುತ್ತಿದ್ದ. ಪೊಲೀಸರು ಅದನ್ನೇ ಬರೆದುಕೊಂಡರು.

ಅವ್ವನಿಗೆ ಒಂದೇ ಧೈರ್ಯ. ಊರಲ್ಲಿ ಯಾರಿಗೂ ಹುಲಿಗನ ನಡಿಗೆ ಹತ್ತಿರಲಿಲ್ಲ. ವಾರಕ್ಕೊಮ್ಮೆ ಸಂತೆಯ ಬಾಯಲ್ಲಿ ಕೂತು ಬಂದವರ ಹೋದವರ ಕಾಲು ನೋಡುತ್ತಿದ್ದಳು. ಸಂಜೆ ಬಂದು, "ನೋಡ್ಲೇ, ಇವತ್ತೂ ಯಾರಿಗೂ ಹತ್ತಿಲ್ಲ. ಅದಾನ ಅವ, ಎಲ್ಲ್ಯರ ಅದಾನ" ಎಂದು ಅವನ ತಾಟು ತೊಳೆದು ನಮ್ಮ ತಾಟಿನ ಪಕ್ಕದಲ್ಲಿಡುತ್ತಿದ್ದಳು. ಆ ಖಾಲಿ ತಾಟಿನ ಪಕ್ಕದಲ್ಲಿ ಕೂತು ಉಣ್ಣುವುದು ನನಗೆ ರೂಢಿಯಾಗಿಹೋಗಿತ್ತು.

ನಮ್ಮೂರಿನ ನಡಿಗೆಗಳ ಸುದ್ದಿ ಕೇಳಿ ಎಲ್ಲಿಂದಲೋ ವಿಭಾಸ್ ಎನ್ನುವ ಡ್ಯಾನ್ಸ್ ನಿರ್ದೇಶಕ ಬಂದ. ಹತ್ತಿ ಗೋದಾಮು ಹಿಡಿದ. ಕಪ್ಪು ಪೈಜಾಮ, ಬೋಳು ತಲೆ, ಮಾತಾಡುವಾಗ ಕಣ್ಣು ಮುಚ್ಚುವ ಚಟ. ಪ್ರದರ್ಶನಕ್ಕೆ ಅವನಿಟ್ಟ ಹೆಸರು 'ಇಲ್ಲದವರ ಇಳಿಜಾರು'. ಊರವರು ಒಂದು ಸಲ ಹೋಗಿ ಬಾಯಿ ಮೇಲೆ ಕೈ ಇಟ್ಟುಕೊಂಡು ವಾಪಸು ಬಂದರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹೊರಗಿನ ಊರುಗಳಿಂದ ಮಾತ್ರ ಪ್ರತಿ ಶನಿವಾರ ಬಸ್ಸು ಮಾಡಿಕೊಂಡು ಜನ ಬರತೊಡಗಿದರು. ಆಟಕ್ಕೆ ಹತ್ತು ಚೀಲ ಮಂಡಕ್ಕಿ ಬೇಕೆಂದು ಭಟ್ಟಿಗೆ ಹೇಳಿ ಕಳಿಸಿದ್ದರು. ಹೊತ್ತುಕೊಂಡು ಹೋದವನು ನಾನು. ತಿನ್ನುವ ಮಂಡಕ್ಕಿಯನ್ನು ನೆಲದ ಮೇಲೆ ಸುರಿ ಅಂದಾಗ ನನಗೆ ಮೈ ಉರಿಯಿತು. ಸುರಿದು, ಇದರ ಮೇಲೆ ಇವರೇನು ಕಿಸಿಯುತ್ತಾರೆ ನೋಡೋಣವೆಂದು ಹಿಂದಿನ ಕುರ್ಚಿಯಲ್ಲಿ ಕೂತೆ.

ಒಬ್ಬ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಉರುಳಿದ. ಇಬ್ಬರು ಸ್ಟೀಲ್ ತಟ್ಟೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಒಬ್ಬರನ್ನೊಬ್ಬರು ದಿಟ್ಟಿಸಿದರು. ಒಬ್ಬಳು ಇಲ್ಲದ ಗೋಡೆಯನ್ನು ತೊಳೆದಳು, ತೊಳೆದಳು, ತೊಳೆಯುತ್ತಲೇ ಇದ್ದಳು. ಮೈಕಿನಲ್ಲಿ ಬಸ್ ಬಿಡುವ ವೇಳೆ ಓದುತ್ತಿದ್ದರು. ಆಮೇಲೆ ದೀಪವಾರಿಸಿ ಮಿಕ್ಸಿ ಸಪ್ಪಳ. ಪಕ್ಕದಲ್ಲಿದ್ದ ಕನ್ನಡಕದವನು ಉಸಿರು ಬಿಗಿಹಿಡಿದಿದ್ದ. ಆಮೇಲೆ ಎಲ್ಲರೂ ಅಂಗಾತ ಮಲಗಿ ಮುಖದ ಮೇಲೆ ಮಂಡಕ್ಕಿ ಸುರಿದುಕೊಂಡು ಒಟ್ಟಿಗೆ ಉಸಿರು ಬಿಟ್ಟರು. ಕಾಳು ಹಾರಿ ಹಾರಿ ಬಿದ್ದವು, ಕೆಲವರ ಮೂಗಿಗೆ ಹೋಗಿ ಕೆಮ್ಮು ಬಂತು. ಅದೊಂದು ಮಾತ್ರ ನನಗೆ ತಿಳಿಯಿತು. ಅಪ್ಪ ಕಡೆಗಾಲದಲ್ಲಿ ಹಾಗೇ ಮಲಗಿದ್ದ.

ಅಷ್ಟರಲ್ಲಿ ಅವಳು ಬಂದಳು. ನೀಲಾಂಬಿಕೆ, ಬಸ್ ಕಂಡಕ್ಟರ್ ಮಲ್ಲಯ್ಯನ ಮಗಳು, ಹೊರಗೆ ಕಾಲಿಡದೆ ಮನೆಯಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದ ಹುಡುಗಿ. ಏನೂ ಮಾಡಲಿಲ್ಲ ಅವಳು. ಮಂಡಕ್ಕಿಯ ಮೇಲೆ ಎಡಗಡೆಯಿಂದ ಬಲಗಡೆಗೆ ನಡೆದಳು. ಎಡಗಾಲು ಮೊಣಕಾಲಿನಿಂದ ಕೆಳಗೆ ಸತ್ತಂತೆ ಎಳೆದು ಬರುತ್ತಿತ್ತು. ಬಲಗೈ ಪಕ್ಕೆಲುಬನ್ನು ಒತ್ತಿ ಹಿಡಿದಿತ್ತು. ನಡು ನಡುವೆ ನಿಂತು ಬಲಗಾಲನ್ನು ಎರಡು ಸಲ ಪಟ ಪಟ ಕೊಡವುತ್ತಿದ್ದಳು, ಪಾದಕ್ಕೆ ಸುಡುವ ಮರಳು ಅಂಟಿದವರಂತೆ. ಭಟ್ಟಿಯಲ್ಲಿ ಕಾದ ಮರಳು ತುಳಿದು ಬೆಳೆದ ನಾವೆಲ್ಲ ಕಾಲು ಕೊಡವುತ್ತೇವೆ, ಒಂದು ಸಲ. ಹೊಸ್ತಿಲು ದಾಟುವ ಮುಂಚೆ ಎರಡು ಸಲ ಕೊಡವುತ್ತಿದ್ದವನು ಊರಿಗೆಲ್ಲ ಒಬ್ಬನೇ.

ಆದರೂ ನಂಬಲಿಲ್ಲ ನಾನು. ಹುಲಿಗ ಕುಂಟನಲ್ಲ. ಟ್ರ್ಯಾಕ್ಟರ್ ಹತ್ತಿದಾಗ ಎರಡೂ ಕಾಲು ನೆಟ್ಟಗಿದ್ದವು. ಮುಂದಿನ ಶನಿವಾರ ಮತ್ತೆ ಹೋದೆ. ಅದರ ಮುಂದಿನದಕ್ಕೂ ಹೋದೆ. ಮೂರನೆಯ ಸಲ ನನ್ನ ಮೊಣಕಾಲು ತಾನೇ ಏಳತೊಡಗಿತು. ನಡಿಗೆ ಸಾಯುವ ಹೊತ್ತಿಗೆ ಹೇಗಿತ್ತೋ ಹಾಗೇ ಹತ್ತುತ್ತದೆ. ಜ್ವರದಲ್ಲಿ ಸತ್ತವರದು ನಡುಗುತ್ತಾ ಬರುತ್ತದೆ. ಹುಲಿಗನದು ಕಾಲು ಮುರಿಸಿಕೊಂಡು, ಪಕ್ಕೆಲುಬು ಮುರಿಸಿಕೊಂಡು ಬಂದಿತ್ತು. ಮುರಿದ ಮೇಲೂ ಸ್ವಲ್ಪ ದೂರ ನಡೆದಿದ್ದಾನೆ ನನ್ನಣ್ಣ. ನಡೆಸಿದ್ದಾರೆ.

ನಾನು ಕುರ್ಚಿಯ ಕಬ್ಬಿಣ ಹಿಡಿದು ಕೂತೆ. ನಿಂತರೆ ನೀಲಾಳ ಮೈಯಿಂದ ಅದು ಇಳಿದುಹೋಗುತ್ತದೆ. ಇಳಿದರೆ ಮುಗಿಯಿತು, ಹುಲಿಗ ಇನ್ನೆಲ್ಲೂ ಇರುವುದಿಲ್ಲ. ಅವ್ವನಿಗೆ ಹೇಳಬೇಕು, ತಾಟು ಎತ್ತಿಡಬೇಕು. ಹೇಗೆ ಸತ್ತ ಎಂದು ಕೇಳಿದರೆ ಅದನ್ನೂ ಹೇಳಬೇಕು. ಇನ್ನೊಂದು ಆಸೆಯೂ ಇತ್ತು ನನಗೆ. ಮತ್ತೆ ಮತ್ತೆ ನೋಡಿದರೆ ಆ ನಡಿಗೆಯಲ್ಲೇ ಎಲ್ಲೋ ಮುರಿದವನ ಗುರುತು ಸಿಕ್ಕೀತೆಂಬ ಆಸೆ. ನಾಲ್ಕನೇ ಶನಿವಾರದಿಂದ ದೀಪವಾರಿದ ಕೂಡಲೇ ಟವೆಲಿನಿಂದ ತೊಡೆಗಳನ್ನು ಕುರ್ಚಿಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದೆ. ಕನ್ನಡಕದವನು ಒಮ್ಮೆ ಬಗ್ಗಿ, "ಸರ್, ಇದು ಪ್ರದರ್ಶನದ ಭಾಗವಾ? ತುಂಬಾ ಪವರ್‌ಫುಲ್ ಆಗಿದೆ" ಎಂದ. ಅವನಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಹೀಗೆ ಚಳಿಗಾಲ ಹೋಯಿತು. ನೀಲಾಳ ಎಡ ಮೊಣಕಾಲು ಊದತೊಡಗಿತು. ಯಾರೂ ನಿಲ್ಲದಿದ್ದರೆ ನಡಿಗೆ ಹೊತ್ತವರ ಕಾಲೇ ಸೋಲುತ್ತದೆ. ಒಂದು ಸಂಜೆ ಆಟ ಮುಗಿದ ಮೇಲೆ ಗೋದಾಮಿನ ಹಿಂದಿನ ಬಾಗಿಲಲ್ಲಿ ಅಡ್ಡ ನಿಂತಳು. ಮೊಣಕಾಲಿಗೆ ಕಟ್ಟಿದ ಬಟ್ಟೆಯಿಂದ ಎಣ್ಣೆ ಜಿನುಗುತ್ತಿತ್ತು.

"ಯಾರ್ದಿದು?"

"ನಂಗೇನ್ ಗೊತ್ತು? ನಾ ಡ್ಯಾನ್ಸ್ ನೋಡಾಕ ಬರತೀನಿ. ಅಭಿಮಾನಿ."

"ಹೌದಾ ಅಭಿಮಾನಿ? ಏನ್ ತಿಳೀತು ನಿನಗ ನಮ್ಮ ಡ್ಯಾನ್ಸಿನಾಗ?"

"ಏನೂ ತಿಳಿಲಿಲ್ಲ."

"ನನಗೂ ತಿಳಿಯಂಗಿಲ್ಲ. ಆದ್ರ ಎಲ್ಲಾರೂ ನನ್ನ ಮಾರಿ ನೋಡತಾರ, ನೀ ಒಬ್ಬಾಂವ ಕಾಲು ನೋಡತಿ. ಕಟಗೊಂಡು ಕುಂದರತಿ." ಅವಳ ದನಿ ಏರಲಿಲ್ಲ. "ವಿಭಾಸ್ ಸರ್ ನನ್ನ ಹೊರಗ ಬಿಡಂಗಿಲ್ಲ. ಸಂತಿ ಬ್ಯಾಡ, ಬಸ್ ಸ್ಟ್ಯಾಂಡ್ ಬ್ಯಾಡ, ಯಾರರ ಎದ್ದು ನಿಂತಗಿಂತಾರು ಅಂತಾರ. ಅವರಿಗೆ ಈ ಕಾಲು ಬೇಕು. ನಿನಗೂ ಬೇಕು. ಇದು ನನ್ನ ಕಾಲಪಾ. ನನಗ ಬ್ಯಾಡೇನು?"

ನಾನು ಅವಳನ್ನು ಸರಿಸಿ ಹೊರಗೆ ಬಂದೆ. ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಒದೆಯುತ್ತಾ ಬಂದೆ. ಅವಳು ಹೇಳಿದ್ದರಲ್ಲಿ ಒಂದಾದರೂ ಸುಳ್ಳು ಸಿಕ್ಕಿದ್ದರೆ ಕೂಗಾಡಬಹುದಿತ್ತು. ಸಿಗಲಿಲ್ಲ.

ನೀಲಾ ಸುಮ್ಮನಿರುವ ಹುಡುಗಿಯಲ್ಲ. ನಾನು ಯಾರ ಮಗ, ನಮ್ಮ ಮನೆಯಲ್ಲಿ ಯಾರು ಕಾಣದಾಗಿದ್ದಾರೆ ಎಂದು ತನ್ನಪ್ಪನಿಂದ ತಿಳಿದುಕೊಂಡಳು. ಮುಂದಿನ ಶನಿವಾರ ನಾನು ಭಟ್ಟಿಯಿಂದ ಬರುವಷ್ಟರಲ್ಲಿ ಅವ್ವ ಹಸಿರು ಸೀರೆ ಉಟ್ಟು, ತಲೆ ಬಾಚಿಕೊಂಡು ಬಾಗಿಲಲ್ಲಿ ಕೂತಿದ್ದಳು. ಕೈಯಲ್ಲಿ ಗೋದಾಮಿನ ಪಾಸು.

"ಕಂಡಕ್ಟರ್ ಮಲ್ಲಯ್ಯ ಬಂದಿದ್ದ. ಮಗಳ ಆಟ ನೋಡಾಕ ಬಾ ಯಕ್ಕಾ ಅಂತ ಕೊಟ್ಟು ಹ್ವಾದ. ನೀ ವಾರಾ ವಾರಾ ಹೋಗತಿ, ನನಗೊಂದಿನ ಕರೀಲಿಲ್ಲ."

"ಬ್ಯಾಡವ್ವಾ. ತಲಿ ಬುಡ ಇಲ್ಲದ್ದು ಅದು. ನಿನಗ ತಿಳಿಯಂಗಿಲ್ಲ."

"ನಿನಗ ತಿಳದದ್ದು ನನಗ ತಿಳಿಯಂಗಿಲ್ಲಾ? ಹೆತ್ತಾಕಿ ನಾನು."

ಹೊಟ್ಟೆ ನೋವೆಂದೆ. ಮಲಗು, ನಾನೊಬ್ಬಳೇ ಹೋಗುತ್ತೇನೆ ಎಂದಳು. ಆಟ ಇವತ್ತು ಇಲ್ಲವೆಂದೆ. ಪಾಸು ತೋರಿಸಿದಳು. ಕಡೆಗೆ ಕೂಗಾಡಿದೆ. ಅವ್ವ ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದಳು. ಹಿಂದೆ ಹೋಗುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಆ ದಿನ ಗೋದಾಮು ತುಂಬಿಹೋಗಿತ್ತು. ಭಟ್ಟಿಯ ಧಣಿ ಹೊಸ ಕುರ್ಚಿ ಕೊಡಿಸಿದ್ದರಿಂದ ಅವನೇ ಮುಖ್ಯ ಅತಿಥಿ. ಮೊದಲ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ. ಪಕ್ಕದಲ್ಲಿ ಅವನ ಹಾರ ಹಿಡಿದುಕೊಂಡು ಗೂಳಪ್ಪ ಮೇಸ್ತ್ರಿ. ನಾವು ಕಡೆಯ ಸಾಲು. ಮುಂದೆ ಬಸ್ಸಿನಲ್ಲಿ ಬಂದ ಹೊರಗಿನವರು ತುಂಬಿದ್ದರು. ನಾನು ಟವೆಲ್ ಬಿಗಿದುಕೊಳ್ಳುವುದನ್ನು ಅವ್ವ ನೋಡಿದಳು. "ಇದ್ಯಾಕೋ?" ಎಂದಳು. "ಸೊಂಟ ನೋಯ್ತೈತಿ" ಎಂದೆ.

ಪ್ಲಾಸ್ಟಿಕ್‌ನವನು ಉರುಳಿದಾಗ ಅವ್ವ, "ಯವ್ವಾ, ಇವಂಗ ಪಿಟ್ಸ್ ಬಂದಾವೇನೋ, ಯಾರರ ಹಿಡೀರೋ" ಎಂದಳು. ಸುತ್ತಲಿನವರು ಶ್ ಅಂದರು. ತಟ್ಟೆ ಕಚ್ಚಿಕೊಂಡವರನ್ನು ನೋಡಿ, "ಉಣ್ಣಾಕರ ಹಾಕ್ರಿ ಪಾಪ" ಎಂದಳು. ಮುಖದ ಮೇಲೆ ಮಂಡಕ್ಕಿ ಹಾರಿದಾಗ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ತಿಳಿದದ್ದು ಅವಳಿಗೂ ತಿಳಿದಿತ್ತು.

ನೀಲಾ ಬಂದಳು. ಮಂಡಕ್ಕಿ ಕಾಲಡಿಯಲ್ಲಿ ಪುಡಿಯಾಗುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಎಡಗಾಲು ಎಳೆಯುತ್ತಾ, ಪಕ್ಕೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕಿದಳು. ನಾನು ನೀಲಾಳನ್ನು ನೋಡಲಿಲ್ಲ, ಅವ್ವನ ಮುಖ ನೋಡುತ್ತಿದ್ದೆ. ಅವ್ವ ಕಣ್ಣು ಕಿರಿದು ಮಾಡಿಕೊಂಡು ತಲೆ ವಾರೆ ಮಾಡಿದ್ದಳು. ಗುರುತು ಹತ್ತಿರಲಿಲ್ಲ. ಕುಂಟು ಅವಳ ಕಣ್ಣು ಕಟ್ಟಿತ್ತು. ಹತ್ತುವುದಿಲ್ಲ, ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಬಡಿದುಕೊಂಡೆ. ಆಗ ಮುಂದೆ ಧಪ್ಪೆಂದು ಏನೋ ಬಿತ್ತು. ಅವ್ವ, ನಾನು ಇಬ್ಬರೂ ಆ ಕಡೆ ನೋಡಿದೆವು.

ಗೂಳಪ್ಪ ಎದ್ದು ನಿಂತಿದ್ದ. ಹಾರ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅವನಿಗೇ ಗೊತ್ತಿಲ್ಲದೆ ಎದ್ದಿದ್ದ. ಧಣಿ ಪಂಚೆ ಹಿಡಿದು ಕೆಳಗೆ ಜಗ್ಗುತ್ತಿದ್ದ, ಅವನು ಕೂರಲಾರದೆ ಕಂಬದಂತೆ ನಿಂತಿದ್ದ.

ಆ ಕುಂಟು ನಡಿಗೆಯನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಒಡಹುಟ್ಟಿದ ನನಗೆ ಮೂರು ಶನಿವಾರ ಬೇಕಾಗಿದ್ದವು. ಹೆತ್ತವಳಿಗೆ ಇನ್ನೂ ಗುರುತು ಹತ್ತಿರಲಿಲ್ಲ. ಗೂಳಪ್ಪನಿಗೆ ನಾಲ್ಕು ಹೆಜ್ಜೆ ಸಾಕಾದವು. ಕಾಲು ಮುರಿದ ಮೇಲೆ ಹುಲಿಗ ಹೇಗೆ ನಡೆದ ಎಂಬುದನ್ನು ಅವನೊಬ್ಬನೇ ಕಣ್ಣಾರೆ ಕಂಡಿದ್ದ.

ನೀಲಾ ನಿಂತಳು. ಬಲಗಾಲನ್ನು ಎರಡು ಸಲ ಕೊಡವಿದಳು. ನನ್ನ ಪಕ್ಕದಲ್ಲಿ ಅವ್ವ ಎದ್ದಳು.

ಮುಂದಿನ ಸಾಲಿನಲ್ಲಿ ಒಬ್ಬ, ಹಿಂದಿನ ಸಾಲಿನಲ್ಲಿ ಒಬ್ಬಳು ನಿಂತದ್ದನ್ನು ನೋಡಿ ಹೊರಗಿನವರಿಗೆ ಏನನ್ನಿಸಿತೋ, ಕನ್ನಡಕದವನು ಎದ್ದು ಚಪ್ಪಾಳೆ ಹೊಡೆದ. ಅವನ ಸಾಲು ಎದ್ದಿತು. ಅದರ ಹಿಂದಿನ ಸಾಲು ಎದ್ದಿತು. ನೋಡುತ್ತಿದ್ದಂತೆ ಇಡೀ ಗೋದಾಮು ಎದ್ದು ನಿಂತು ಚಪ್ಪಾಳೆ, ಸಿಳ್ಳೆ. ಅವ್ವ ಗಿಡ್ಡ ಹೆಂಗಸು. ಅವಳೆದುರು ಬರೇ ಬೆನ್ನುಗಳು. ಎರಡು ವರ್ಷ ಹುಡುಕಿದ ನಡಿಗೆ ಅಲ್ಲಿ ಆಚೆ ಮಂಡಕ್ಕಿಯ ಮೇಲೆ ಹೋಗುತ್ತಿದೆ, ಇವಳಿಗೆ ಕಾಣುತ್ತಿಲ್ಲ. "ಸರೀರಿ ಯಪ್ಪಾ, ಸ್ವಲ್ಪ ಸರೀರಿ, ನನ್ನ ಮಗ..." ಎಂದು ಕೈಯಿಂದ ಬೆನ್ನುಗಳನ್ನು ತಟ್ಟುತ್ತಿದ್ದಳು. "ಕುಂದರ್ರೋ!" ಎಂದು ನಾನು ಕಿರುಚಿದೆ. "ಕುಂದರ್ರೋ ಸೂಳೇಮಕ್ಕಳಾ!" ಸತ್ತವನ ನಡಿಗೆಯ ಎದುರು ಕುಂದರ್ರಿ ಎಂದು ಕೂಗಿದ ಮೊದಲನೆಯವನು ನಾನೇ ಇರಬೇಕು ನಮ್ಮೂರಲ್ಲಿ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಏಳಲು ಹೋದೆ. ಟವೆಲ್ ಬಿಗಿದಿತ್ತು. ಗಂಟು ಬಿಚ್ಚಲು ಬರಲಿಲ್ಲ. ಕುರ್ಚಿ ಸಮೇತ ಎದ್ದು, ಕುರ್ಚಿ ಸಮೇತ ಬಿದ್ದು, ಹಲ್ಲಿನಿಂದ ಹರಿದುಕೊಂಡು ಎದ್ದು ಅವ್ವನ ಸೊಂಟ ಹಿಡಿದು ಮೇಲಕ್ಕೆತ್ತಿದೆ. ಅಷ್ಟು ಹಗುರ ಇದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಅವಳು ನೋಡಿದಳು. ಕಡೆಯ ಏಳೆಂಟು ಹೆಜ್ಜೆ ಸಿಕ್ಕವು ಅವಳಿಗೆ. ಆಮೇಲೆ ನೀಲಾಳ ಎಡಗಾಲು ತಾನೇ ನೆಟ್ಟಗಾಯಿತು. ಪಕ್ಕೆಯ ಕೈ ಕೆಳಗಿಳಿಯಿತು. ಎರಡು ವರ್ಷದಿಂದ ತನ್ನ ಸ್ವಂತ ನಡಿಗೆ ಮರೆತವಳು ಮುಂದಿನ ಹೆಜ್ಜೆ ಹೇಗಿಡಬೇಕೆಂದು ತಿಳಿಯದೆ ಮಂಡಕ್ಕಿಯಲ್ಲಿ ಕುಸಿದು ಕೂತಳು. ಚಪ್ಪಾಳೆ ಇನ್ನೂ ಜೋರಾಯಿತು. ವಿಭಾಸ್ ಕಣ್ಣು ಮುಚ್ಚಿಕೊಂಡು ಎಲ್ಲರಿಗೂ ಕೈ ಮುಗಿಯುತ್ತಿದ್ದ. ಮೂರು ದಿನಕ್ಕೆ ಗೋದಾಮು ಖಾಲಿ ಮಾಡಿಕೊಂಡು ಹೋದ. ಮಾಮೂಲಿ ಕಾಲು ಅವನಿಗೆ ಬೇಕಿರಲಿಲ್ಲ.

ಹಾದಿಯಲ್ಲಿ ಅವ್ವ ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ನಮ್ಮ ಓಣಿಯ ಬಾಯಿಗೆ ಬಂದಾಗ ಕೇಳಿದಳು. "ನನಗಿಂತ ಮದ್ಲ ಯಾರು ನಿಂತ್ರು, ನೋಡಿದೇನು?"

"ನೋಡಿದೆ."

"ಹೂಂ" ಎಂದಳು. ಮನೆಗೆ ಬಂದು ಹುಲಿಗನ ತಾಟು ತೊಳೆದಿಟ್ಟಳು. ಮರುದಿನ ಕೋಲೂರಿಕೊಂಡು ಬಂದ ನೀಲಾಳಿಗೆ ಆ ತಾಟಿನಲ್ಲೇ ಉಣ್ಣಲು ಹಾಕಿದಳು.

ಠಾಣೆಗೆ ಹೋದೆ. ಸಾಹೇಬರು ನಕ್ಕರು. "ನಾಟಕ ನೋಡಾಕ ಹೋಗಿ ಎದ್ದು ನಿಂತಿದ್ದಕ್ಕ ಕೇಸ್ ಹಾಕಾಕ ಬರತೈತೇನಪಾ? ಗೋದಾಮಿಗೆ ಗೋದಾಮ ನಿಂತಿತ್ತಂತಲ್ಲ. ಎಲ್ಲಾರನೂ ಒಳಗ ಹಾಕಲ್ಯಾ?" ಮನೆಗೆ ಬಂದು ಭಟ್ಟಿಯ ಸಲಿಕೆ ಹಿಡಿದು ಹೊರಟೆ. ಅವ್ವ ಬಾಗಿಲಿಗೆ ಅಡ್ಡ ಕೂತಳು. "ಹೋಗು. ನಾಳಿಂದ ನಿನ್ನ ನಡಿಗಿ ಹುಡುಕ್ಕೋಂತ ಸಂತಿಗೆ ಹೋಗ್ಲೇನು ನಾನು?" ಸಲಿಕೆ ಮೂಲೆಗೆ ಎಸೆದೆ. ಗೋಡೆಗೆ ತಲೆ ಚಚ್ಚಿಕೊಂಡೆ. ಅವ್ವ ಚಚ್ಚಿಕೊಳ್ಳಲು ಬಿಟ್ಟಳು.

ಸೋಮವಾರ ಬೆಳಿಗ್ಗೆ ಅವಳು ನನ್ನ ಜೊತೆ ಭಟ್ಟಿಗೆ ಬಂದಳು. ಹೆಣ್ಣಾಳುಗಳು ಮಂಡಕ್ಕಿ ಜರಡಿ ಹಿಡಿಯುವ ಅಂಗಳದಲ್ಲಿ ಅವರ ನಡುವೆ ಕೂತಳು. ಗೂಳಪ್ಪ ಎಂದಿನಂತೆ ಎಲೆ ಅಡಿಕೆ ಅಗಿಯುತ್ತಾ ಗೇಟು ದಾಟಿ ಬಂದ. ಅವ್ವ ಜರಡಿ ಕೆಳಗಿಟ್ಟು ಎದ್ದು ನಿಂತಳು. ಅವನ ಬಾಯಿ ನಿಂತಿತು. ಹಿಂದೆ ತಿರುಗಿ ನೋಡಿದ, ತನ್ನ ಕಾಲು ನೋಡಿಕೊಂಡ, ನಕ್ಕ.

"ಏನ್ ಯಕ್ಕಾ, ನನಗ ಯಾರ ನಡಿಗಿ ಹತ್ತೈತಿ?"

"ನಿಂದ" ಎಂದಳು ಅವ್ವ.

ನಾನು ಬೂದಿ ಪುಟ್ಟಿ ಇಳಿಸಿ ಅಲ್ಲೇ ನಿಂತೆ. ಅಷ್ಟು ದಿನ ಅವನ ಎದುರು ತಲೆ ಎತ್ತದ ಹೆಣ್ಣಾಳುಗಳಲ್ಲಿ ಒಬ್ಬಳು ಎದ್ದಳು. ಇನ್ನೊಬ್ಬಳು ಎದ್ದಳು. ಮಂಡಕ್ಕಿ ಮಡಿಲಿನಿಂದ ಸುರಿಯುತ್ತಿತ್ತು. ಅವನು ಹಾದುಹೋಗುವವರೆಗೆ ನಿಂತು, ಆಮೇಲೆ ಕೂತು ಜರಡಿ ಹಿಡಿದರು.

ನೀಲಾ ಊರೆಲ್ಲ ಹೇಳಿದಳು. ಮಲ್ಲಯ್ಯ ಬಸ್ಸಿನಲ್ಲಿ ಹೇಳಿದ. ಸಂತೆಯಲ್ಲಿ ಗೂಳಪ್ಪ ಬಂದರೆ ತಕ್ಕಡಿ ಕೆಳಗಿಟ್ಟು ನಿಂತರು. ಖಾನಾವಳಿಯಲ್ಲಿ ಅವನು ಬಂದು ಕೂತರೆ ಉಳಿದವರೆಲ್ಲ ನಿಂತರು, ಅವನು ತಿಂದು ಮುಗಿಸುವವರೆಗೆ. ಕ್ಷೌರದವನು ಕೂಡಾ ಕತ್ತಿ ಮಡಚಿ ನಿಂತ, ಅರ್ಧ ಗಡ್ಡದಲ್ಲಿ ಗೂಳಪ್ಪನೇ ಎದ್ದು ಹೋಗಬೇಕಾಯಿತು. ಮೊದಲು ಅವನು ಬೈದ. ಇಬ್ಬರಿಗೆ ಹೊಡೆದ. ಹೊಡೆಸಿಕೊಂಡವರು ಮತ್ತೆ ಎದ್ದು ನಿಂತರು. ಹಿಂದಿನ ಓಣಿಗಳಲ್ಲಿ ತಿರುಗಿದ. ಅಲ್ಲಿ ಪಾತ್ರೆ ತಿಕ್ಕುತ್ತಿದ್ದವರು ನಿಂತರು. ಧಣಿ ಅವನನ್ನು ಭಟ್ಟಿಗೆ ಬರಬೇಡವೆಂದ. ಧಣಿ ಎದುರು ಯಾರೂ ಇನ್ನೂ ನಿಂತಿರಲಿಲ್ಲ. ಯಾವಾಗ ಏಳುತ್ತಾರೋ ಎಂದು ಅವನೂ ಎಲ್ಲರ ಮೊಣಕಾಲು ನೋಡತೊಡಗಿದ್ದ.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಆಟೊ ಬಂತು. ಗೂಳಪ್ಪನನ್ನು ಆಟೊದವನು ಕಂಕುಳಿಗೆ ಕೈ ಹಾಕಿ ಇಳಿಸಿದ. ಅವನಿಗೆ ನಡೆಯಲು ಬರುತ್ತಿರಲಿಲ್ಲ. ಕಾಲಿನಲ್ಲಿ ಗಾಯವಿಲ್ಲ, ಬಾವಿಲ್ಲ. ಒಂದರ ಮುಂದೆ ಒಂದು ಇಡುವುದು ಹೇಗೆಂದು ಅವನ ಕಾಲಿಗೆ ಮರೆತುಹೋಗಿತ್ತು. ಗೋಡೆ ಹಿಡಿದು ತೆವಳಿ ಹೊಸ್ತಿಲವರೆಗೆ ಬಂದ. ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ನಿಂತಳು. ಅವಳ ಹಿಂದೆ ನಾನು ನಿಂತೆ.

"ಕುಂದರು ಯಕ್ಕಾ" ಎಂದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. "ನಿನ್ನೆ ಮನಿಯಾಗ ಹೊಕ್ಕೆ. ನನ್ನ ಮಗಳು, ಸಣ್ಣಾಕಿ, ಅಕಿಗೇನ್ ತಿಳೀತೈತಿ, ಎಲ್ಲಾರೂ ಮಾಡತಾರಂತ... ಎದ್ದು ನಿಂತ್ಲು ಯಕ್ಕಾ. ನನ್ನ ನೋಡಿ ಎದ್ದು ನಿಂತ್ಲು. ಆವಾಗಿಂದ ಕಾಲು... ನಾ ಇನ್ನೂ ಬದುಕೀನಿ. ಕುಂದರು. ನಿನ್ನ ಕಾಲು ಹಿಡಕೋತೀನಿ, ಕುಂದರು."

"ಎಲ್ಲಿ ಇಟ್ಟೀರಿ ಅವನ್ನ?" ಎಂದಳು ಅವ್ವ.

ಅವನು ನನ್ನ ಕಡೆ ನೋಡಿದ. ಅವ್ವನ ಕಡೆಯಲ್ಲ, ನನ್ನ ಕಡೆ. ಆಮೇಲೆ ನನ್ನ ಕೈಗಳನ್ನು ನೋಡಿದ. ಉಗುರಿನ ಸಂದಿಯಲ್ಲಿ ನಿನ್ನೆಯ ಬೂದಿ ಇತ್ತು.

"ಹೊಟ್ಟಿನಾಗ ಮುಚ್ಚಿ ತಂದ್ವಿ. ಭಟ್ಟಿ ಹಿಂದ" ಎಂದ. "ಬೂದಿ ಗುಂಡ್ಯಾಗ."

ಎರಡು ವರ್ಷದಿಂದ ದಿನಾ ಪುಟ್ಟಿಗಟ್ಟಲೆ ಹೊತ್ತು ಸುರಿದವನು ನಾನು. ಬಿಸಿ ಇದ್ದಾಗಲೇ ಸುರಿಯುತ್ತಿದ್ದೆ, ಬೇಗ ಮುಗಿಯಲಿ ಎಂದು.

ಹೊರಗೆ ಆಟೊದವನು ಬಂಡಿಯ ಪಕ್ಕ ನಿಂತಿದ್ದ. ಎದುರುಮನೆಯವರು ಬಾಗಿಲಲ್ಲಿ ನಿಂತಿದ್ದರು. ಕಟ್ಟೆಯ ಮೇಲಿನವರು, ನನ್ನನ್ನು ಅಭಿಮಾನಿ ಎಂದು ಆಡಿಕೊಂಡವರು, ಒಬ್ಬೊಬ್ಬರಾಗಿ ಎದ್ದಿದ್ದರು. ಗೂಳಪ್ಪ ಹೊಸ್ತಿಲ ಮೇಲೆ ಅಂಗೈ ಊರಿ ಅವ್ವನನ್ನೇ ನೋಡುತ್ತಿದ್ದ.

ಅವ್ವ ಮೊರದ ಪಕ್ಕದಲ್ಲಿ ಮೆಲ್ಲಗೆ ಕೂತಳು.

ನಾನು ನಿಂತೇ ಇದ್ದೆ.